ಮಾಗಿಯ ಚಳಿಯಲ್ಲಿ ಬಿಸಿನೀರಿನ ಖರ್ಚು: ಸರ್ಕಾರದ ನೆರವನ್ನು ಸರಿಯಾಗಿ ಪಡೆಯುವ ಬಗೆ

ಡಿಸೆಂಬರ್ ನಡುವಿನಿಂದ ಸಂಕ್ರಾಂತಿ ಕಳೆಯುವವರೆಗೆ ಚಿಕ್ಕಬಳ್ಳಾಪುರದ ಬೆಳಗು ಎಂಟು ಗಂಟೆಯಾದರೂ ಮಂಜು ಬಿಟ್ಟು ಏಳುವುದಿಲ್ಲ. 1,478 ಮೀಟರ್ ಎತ್ತರದ ನಂದಿ ಬೆಟ್ಟದ ಬುಡದಲ್ಲಿರುವ ಊರುಗಳಿಗೆ ಇದು ಹೊಸದಲ್ಲ. ಆದರೂ ನಮ್ಮ ಸೀಮೆಯಲ್ಲಿ ಚಳಿಗೆ ಮನೆಯನ್ನು ಕಾಯಿಸುವ ಪದ್ಧತಿ ಇಲ್ಲ. ಕಾಯಿಸುವುದು ನೀರನ್ನು ಮಾತ್ರ. ಶಿಡ್ಲಘಟ್ಟದ ಕಡೆ ಚಳಿಗಾಲದಲ್ಲಿ ಶಾಖ ಕೊಟ್ಟು ಬೆಚ್ಚಗಿಡುವ ಕೋಣೆ ಒಂದಿದ್ದರೆ ಅದು ರೇಷ್ಮೆ ಹುಳುಗಳದ್ದು. 24ರಿಂದ 28 ಡಿಗ್ರಿಯ ನಡುವೆ ಇಲ್ಲದಿದ್ದರೆ ಹುಳು ಸರಿಯಾಗಿ ಸೊಪ್ಪು ತಿನ್ನುವುದಿಲ್ಲ ಎಂದು ಅದಕ್ಕೆ ಹೀಟರ್ ಇಡುವ ಮನೆಯವರು, ತಾವು ಮಾತ್ರ ಕಂಬಳಿ ಹೊದ್ದು ಮಲಗುತ್ತಾರೆ. ಹೀಗಾಗಿ ಚಳಿಗಾಲದ ಶಾಖದ ಖರ್ಚು ಎಂದರೆ ನಮ್ಮಲ್ಲಿ ಬಚ್ಚಲಿನ ಖರ್ಚು, ಮತ್ತು ಈ ಬರಹ ಅದಕ್ಕೆ ಸಂಬಂಧಿಸಿದ್ದು.

ಇಂಗ್ಲೆಂಡಿನಲ್ಲಿ ಸತತ ಏಳು ದಿನಗಳ ಸರಾಸರಿ ಉಷ್ಣಾಂಶ ಸೊನ್ನೆ ಡಿಗ್ರಿ ಅಥವಾ ಅದಕ್ಕಿಂತ ಕೆಳಗೆ ಇಳಿದರೆ, ಕೆಲವು ಸರ್ಕಾರಿ ಭತ್ಯೆಗಳನ್ನು ಪಡೆಯುತ್ತಿರುವ ಕಡಿಮೆ ಆದಾಯದವರ ಖಾತೆಗೆ 25 ಪೌಂಡ್ ತಾನಾಗಿಯೇ ಜಮೆಯಾಗುತ್ತದೆ. ಮಕ್ಕಳು ಅಲ್ಲಿರುವ ಮನೆಗಳವರು ಇದನ್ನು ಕೇಳಿ ನಮ್ಮಲ್ಲೂ ಅಂಥದ್ದುಂಟೇ ಎಂದು ವಿಚಾರಿಸುವುದುಂಟು. ಇಲ್ಲ. ವಿಪತ್ತು ಪರಿಹಾರ ನಿಧಿಯ ನಿಯಮಗಳಲ್ಲಿ ಶೀತಗಾಳಿಯೂ ಒಂದು ವಿಪತ್ತೆಂದು ಸೇರಿದೆಯಾದರೂ ಅದು ಸಾವುನೋವಿನ ಪರಿಹಾರಕ್ಕೇ ಹೊರತು ಉರುವಲಿನ ಖರ್ಚಿಗಲ್ಲ. ಆದರೆ ಬೇರೆ ಬೇರೆ ಹೆಸರಿನಲ್ಲಿರುವ ಎರಡು ಮೂರು ಯೋಜನೆಗಳನ್ನು ತಿಳಿದು ಬಳಸಿದರೆ ಬಿಸಿನೀರಿನ ಖರ್ಚಿನ ಬಹುಪಾಲು ಇಳಿಯುತ್ತದೆ. ತಿಳಿಯದೆ ಬಳಸಿದರೆ ಅದೇ ಯೋಜನೆಯಿಂದಲೇ ಜನವರಿಯಲ್ಲಿ ದೊಡ್ಡ ಬಿಲ್ ಬರುತ್ತದೆ. ಎಡವುವುದು ಎಲ್ಲಿ ಎಂಬುದನ್ನೇ ಮೊದಲು ಹೇಳುತ್ತೇನೆ.

ಗೃಹಜ್ಯೋತಿಯ ಲೆಕ್ಕ

ಗೃಹಜ್ಯೋತಿ ಎಂದರೆ ಪ್ರತಿ ಮನೆಗೂ 200 ಯೂನಿಟ್ ಉಚಿತ ಎಂಬ ತಿಳಿವಳಿಕೆ ಇಂದಿಗೂ ಹೋಗಿಲ್ಲ. 2023ರ ಜುಲೈ ತಿಂಗಳ ಬಳಕೆಯಿಂದ ಜಾರಿಗೆ ಬಂದ ಈ ಯೋಜನೆಯಲ್ಲಿ ಪ್ರತಿ ಮನೆಗೂ ಬೇರೆಯದೇ ಆದ ಒಂದು ಅರ್ಹತಾ ಪ್ರಮಾಣವಿದೆ. 2022-23ನೇ ಸಾಲಿನಲ್ಲಿ ಆ ಮೀಟರಿನಲ್ಲಿ ತಿಂಗಳಿಗೆ ಸರಾಸರಿ ಎಷ್ಟು ಯೂನಿಟ್ ಬಳಕೆಯಾಗಿತ್ತೋ ಅದಕ್ಕೆ ಮೊದಲು ಶೇ 10ರಷ್ಟು ಸೇರಿಸಿ ಕೊಡುತ್ತಿದ್ದರು. ಕಡಿಮೆ ಬಳಸುವವರಿಗೆ ಶೇ 10 ಎಂದರೆ ನಾಲ್ಕೈದು ಯೂನಿಟ್ ಮಾತ್ರ ಆಗುತ್ತಿದ್ದ ಕಾರಣ, 2024ರ ಜನವರಿಯಲ್ಲಿ ಸಚಿವ ಸಂಪುಟವು ಅಂಥವರಿಗೆ ಶೇ 10ರ ಬದಲು 10 ಯೂನಿಟ್ ಹೆಚ್ಚುವರಿಯಾಗಿ ಕೊಡಲು ತೀರ್ಮಾನಿಸಿತು. ನಿಮ್ಮ ಬಳಕೆ ಈ ಅರ್ಹತೆಯ ಒಳಗಿದ್ದರೆ ಬಿಲ್ ಸೊನ್ನೆ. ಅರ್ಹತೆಯನ್ನು ದಾಟಿ 200ರ ಒಳಗೆ ನಿಂತರೆ ದಾಟಿದಷ್ಟಕ್ಕೆ ಮಾತ್ರ ಹಣ. 200 ಮೀರಿದರೆ ಆ ತಿಂಗಳ ಪೂರ್ತಿ ಬಿಲ್ಲನ್ನು ನೀವೇ ಕಟ್ಟಬೇಕು.

ಇಲ್ಲಿ ಗಮನಿಸಬೇಕಾದುದು ಸರಾಸರಿ ಎಂಬ ಒಂದು ಪದವನ್ನು. ಅದು ಹನ್ನೆರಡು ತಿಂಗಳ ಸರಾಸರಿ, ಚಳಿಯಾದರೋ ಮೂರು ತಿಂಗಳದ್ದು. ಜೂನ್ ತಿಂಗಳಲ್ಲಿ ಅರ್ಹತೆಗಿಂತ 20 ಯೂನಿಟ್ ಕಡಿಮೆ ಬಳಸಿದ ಮನೆಗೆ ಆ 20 ಯೂನಿಟ್ ಜನವರಿಗೆ ಜಮೆಯಾಗಿ ಉಳಿಯುವುದಿಲ್ಲ. ಆದರೆ ಜನವರಿಯಲ್ಲಿ 40 ಹೆಚ್ಚಾದರೆ ಆ 40ಕ್ಕೂ ಹಣ ಕಟ್ಟಬೇಕಾಗುತ್ತದೆ. ವರ್ಷವಿಡೀ ಸೊನ್ನೆ ಬಿಲ್ ನೋಡಿದವರಿಗೆ ಮಾಗಿಯಲ್ಲಿ ಮಾತ್ರ ಬಿಲ್ ಬರುವುದು ಈ ಕಾರಣದಿಂದಲೇ ಹೊರತು, ಬಹುತೇಕ ಸಂದರ್ಭಗಳಲ್ಲಿ ಮೀಟರ್ ಕೆಟ್ಟಿದ್ದರಿಂದಲ್ಲ.

ನಮ್ಮ ಬೀದಿಯ ಕೊನೆಯ ಮನೆಯ ಅಜ್ಜಿ ಕಳೆದ ಮಾಗಿಯಲ್ಲಿ ಬಿಲ್ ಹಿಡಿದು ಬಂದಿದ್ದರು. ಅವರ ಮೀಟರಿನ ಅರ್ಹತೆ 62 ಯೂನಿಟ್, ಆ ತಿಂಗಳ ಬಳಕೆ 131. ಯೂನಿಟ್ಟಿಗೆ 6 ರೂಪಾಯಿಯ ಆಸುಪಾಸು ಎಂದು ಹಿಡಿದರೂ ಮೇಲಿನ 69 ಯೂನಿಟ್ಟಿಗೆ 400 ರೂಪಾಯಿ ದಾಟುತ್ತದೆ. ಮನೆಗೆ ಹೋಗಿ ನೋಡಿದರೆ ದೀಪಾವಳಿಗೆ ಬಂದಿದ್ದ ಮಗ ಅಮ್ಮನಿಗೆ ಕಷ್ಟವಾಗಬಾರದೆಂದು 25 ಲೀಟರಿನ ಗೀಸರ್ ಹಾಕಿಸಿಕೊಟ್ಟು ಹೋಗಿದ್ದ, ಸ್ವಿಚ್ಚನ್ನು ಆರಿಸುವ ಅಗತ್ಯವಿಲ್ಲ, ಅದೇ ಕಟ್ ಆಗುತ್ತದೆ ಎಂದೂ ಹೇಳಿದ್ದ. ಕಟ್ ಆಗುವುದು ನಿಜ. ತಣ್ಣಗಾದ ಹಾಗೆ ಮತ್ತೆ ತಾನೇ ಹೊತ್ತಿಕೊಳ್ಳುವುದೂ ನಿಜ. ಯಾರೂ ಸ್ನಾನ ಮಾಡದಿದ್ದರೂ ಹೀಗೆ ಬಿಟ್ಟ ಗೀಸರ್ ದಿನಕ್ಕೆ ಅರ್ಧ ಯೂನಿಟ್ಟಿನಷ್ಟು, ಹಳೆಯದಾದರೆ ಅದಕ್ಕೂ ಹೆಚ್ಚು, ನುಂಗುತ್ತದೆ.

ಒಂದು ಬಕೆಟ್ ನೀರಿಗೆ ಎಷ್ಟು

ಈ ಲೆಕ್ಕವನ್ನು ಒಮ್ಮೆ ಮಾಡಿಟ್ಟುಕೊಂಡರೆ ಉಳಿದದ್ದೆಲ್ಲ ಸುಲಭ. ಮಾಗಿಯ ಬೆಳಗ್ಗೆ ತೊಟ್ಟಿಯ ನೀರು 18 ಡಿಗ್ರಿ ಇದೆ ಎಂದುಕೊಳ್ಳೋಣ; ಸ್ನಾನಕ್ಕೆ 40 ಡಿಗ್ರಿ ಬೇಕು. 20 ಲೀಟರಿನ ಒಂದು ಬಕೆಟ್ಟನ್ನು ಇಷ್ಟು ಬಿಸಿ ಮಾಡಲು ಅರ್ಧ ಯೂನಿಟ್ ವಿದ್ಯುತ್ ಬೇಕಾಗುತ್ತದೆ. ಇದು ಗೀಸರಿನಲ್ಲಾದರೂ ಅಷ್ಟೇ, ಬಕೆಟ್ಟಿಗೆ ಇಳಿಬಿಡುವ ಹೀಟರಿನಲ್ಲಾದರೂ ಅಷ್ಟೇ. ಹೀಟರ್ ಹೆಚ್ಚು ತಿನ್ನುತ್ತದೆ ಎಂಬ ಮಾತಿನಲ್ಲಿ ಹುರುಳಿಲ್ಲ, ಅಪಾಯ ಹೆಚ್ಚು ಎಂಬುದರಲ್ಲಿ ಇದೆ. 1,500 ವಾಟಿನ ಹೀಟರ್ 20 ನಿಮಿಷ ಉರಿದರೆ ಅರ್ಧ ಯೂನಿಟ್. ಐದು ಜನರ ಮನೆಯಲ್ಲಿ ದಿನಕ್ಕೆ ಐದು ಬಕೆಟ್ ಎಂದರೆ ಎರಡೂವರೆ ಯೂನಿಟ್, ತಿಂಗಳಿಗೆ 75. ಬೇಸಿಗೆಯಲ್ಲಿ ಇದೇ ಮನೆಯವರು ಇಬ್ಬರೋ ಮೂವರೋ ಮಾತ್ರ ಬಿಸಿನೀರು ಕೇಳುತ್ತಾರೆ, ಮತ್ತು ಆಗ ನೀರು ಬೆಚ್ಚಗೇ ಇರುವುದರಿಂದ ಒಂದು ಬಕೆಟ್ಟಿಗೆ ಬೇಕಾಗುವುದೂ ಕಡಿಮೆ.

ಈಗ ನಿಮ್ಮ ಬಿಲ್ ಮುಂದಿಟ್ಟುಕೊಂಡು ಅರ್ಹತಾ ಯೂನಿಟ್ ಎಷ್ಟೆಂದು ನೋಡಿ, ಬಿಸಿನೀರನ್ನು ಬಿಟ್ಟು ಮನೆಯ ಉಳಿದ ಬಳಕೆ ಎಷ್ಟೆಂದು ಅಂದಾಜು ಮಾಡಿ, ಎರಡರ ನಡುವೆ ಉಳಿದದ್ದನ್ನು ಎರಡರಿಂದ ಗುಣಿಸಿದರೆ ತಿಂಗಳಿಗೆ ಎಷ್ಟು ಬಕೆಟ್ ನೀರು ವಿದ್ಯುತ್ತಿನಲ್ಲಿ ಪುಕ್ಕಟೆಯಾಗಿ ಕಾಯುತ್ತದೆ ಎಂಬುದು ಸಿಗುತ್ತದೆ. ಅರ್ಹತೆ 92, ಉಳಿದ ಬಳಕೆ 60 ಆದರೆ 32 ಯೂನಿಟ್, ಅಂದರೆ 64 ಬಕೆಟ್, ದಿನಕ್ಕೆ ಎರಡು. ಆ ಎರಡನ್ನು ಮನೆಯ ಹಿರಿಯರಿಗೂ ಶಾಲೆಗೆ ಹೋಗುವ ಮಗುವಿಗೂ ಇಟ್ಟು, ಉಳಿದವರ ನೀರನ್ನು ಒಲೆಗೆ ಬಿಡುವುದು ನನ್ನ ಸಲಹೆ.

ಹೆಚ್ಚು ಬಳಸುವ ಮನೆಗಳಿಗೆ ಅರ್ಹತೆಗಿಂತಲೂ 200ರ ಗೆರೆ ಮುಖ್ಯ. ಅರ್ಹತೆ 150 ಇರುವ ಮನೆಯೊಂದು 198 ಯೂನಿಟ್ ಬಳಸಿದರೆ 48 ಯೂನಿಟ್ಟಿಗೆ ಹೆಚ್ಚು ಕಡಿಮೆ 290 ರೂಪಾಯಿ ಕಟ್ಟುತ್ತದೆ. 203 ಬಳಸಿದರೆ 203ಕ್ಕೂ, ಅಂದರೆ 1,200 ರೂಪಾಯಿಯ ಮೇಲೆ, ನಿಗದಿತ ಶುಲ್ಕ ಮತ್ತು ತೆರಿಗೆಯನ್ನು ಸೇರಿಸಿ ಕಟ್ಟಬೇಕು. ಹತ್ತು ಬಕೆಟ್ ನೀರಿಗೆ ಸಾವಿರ ರೂಪಾಯಿಯ ಅಂತರ. ಆದ್ದರಿಂದ ಮೀಟರ್ ರೀಡಿಂಗ್ ಮಾಡುವವರು ಬಂದು ಹೋದ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಅಲ್ಲಿಂದ ಇಪ್ಪತ್ತನೆಯ ದಿನ ಮೀಟರಿನ ಮುಂದೆ ನಿಂತು ನೋಡಿ. ಪರದೆಯ ಮೇಲೆ ವೋಲ್ಟೇಜು, ಕರೆಂಟು, ದಿನಾಂಕ ಎಲ್ಲವೂ ಒಂದರ ಹಿಂದೆ ಒಂದು ಬಂದು ಹೋಗುತ್ತವೆ. ಕಿಲೋವ್ಯಾಟ್ ಗಂಟೆಯ ಅಂಕಿ ಬಂದಾಗ ಅದನ್ನು ಬರೆದುಕೊಂಡು, ಬಿಲ್ಲಿನಲ್ಲಿರುವ ಈಗಿನ ರೀಡಿಂಗನ್ನು ಅದರಿಂದ ಕಳೆಯಬೇಕು. 135 ದಾಟಿದ್ದರೆ ಉಳಿದ ಹತ್ತು ದಿನ ಗೀಸರಿಗೆ ರಜೆ ಕೊಡುವುದು ಒಳ್ಳೆಯದು. ಹುಳು ಮನೆಯ ಹೀಟರನ್ನು ವಾಸದ ಮನೆಯ ಮೀಟರಿನಿಂದಲೇ ಎಳೆದುಕೊಂಡಿರುವವರು ಈ ಗೆರೆಯನ್ನು ಒಂದು ಬೆಳೆಯಲ್ಲಿಯೇ ದಾಟುತ್ತಾರೆ. ಯೋಜನೆ ಗೃಹ ಬಳಕೆಗೆ ಮಾತ್ರ ಇರುವುದರಿಂದ ಅದು ನಿಯಮಕ್ಕೂ ಹೊಂದುವುದಿಲ್ಲ.

ನೋಂದಣಿ, ಮತ್ತು ಬಾಡಿಗೆ ಮನೆಯವರ ತೊಡಕು

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಮೂರೂ ಬೆಸ್ಕಾಂ ವಿದ್ಯುತ್ ಕಂಪನಿಯ ವ್ಯಾಪ್ತಿಗೆ ಸೇರಿವೆ. ಇನ್ನೂ ನೋಂದಾಯಿಸದವರು ಸೇವಾ ಸಿಂಧು ಪೋರ್ಟಲ್ಲಿನಲ್ಲಿ ತಾವೇ, ಅಥವಾ ಹತ್ತಿರದ ಗ್ರಾಮ ಒನ್, ಕರ್ನಾಟಕ ಒನ್ ಕೇಂದ್ರದಲ್ಲಿ ಅರ್ಜಿ ಹಾಕಬಹುದು. ಬಿಲ್ಲಿನ ಮೇಲಿರುವ ಅಕೌಂಟ್ ಐಡಿ, ವಾಸವಿರುವವರ ಆಧಾರ್, ಆಧಾರ್‌ಗೆ ಜೋಡಿಸಿದ ಮೊಬೈಲ್ ಇಷ್ಟೇ ಮುಖ್ಯವಾದವು. ಮೊಬೈಲ್ ಕೈಯಲ್ಲಿರಲಿ, ಒಟಿಪಿ ಬರುವುದು ಅದಕ್ಕೇ, ಮಗ ಬೆಂಗಳೂರಿಗೆ ಒಯ್ದ ಸಿಮ್ಮಿಗೆ ಒಟಿಪಿ ಹೋಗಿ ಕೇಂದ್ರದಲ್ಲಿ ಅರ್ಧ ದಿನ ಕಾದು ಹಿಂದಿರುಗಿದವರನ್ನು ನಾನು ಕಂಡಿದ್ದೇನೆ. ಹೊಸ ಮನೆಯಾಗಿದ್ದು 2022-23ರ ಲೆಕ್ಕವೇ ಇಲ್ಲದಿದ್ದರೆ ರಾಜ್ಯದ ಸರಾಸರಿಯಾದ 53 ಯೂನಿಟ್ಟನ್ನು ಆಧಾರವಾಗಿ ಹಿಡಿಯುತ್ತಾರೆ. ಹಿಂದೆ ಭಾಗ್ಯಜ್ಯೋತಿ, ಕುಟೀರ ಜ್ಯೋತಿ, ಅಮೃತ ಜ್ಯೋತಿ ಎಂದು ಬೇರೆಯಾಗಿದ್ದ ಸಂಪರ್ಕಗಳೂ ಈಗ ಗೃಹಜ್ಯೋತಿಯೊಳಗೇ ಸೇರಿವೆ.

ಒಂದು ಆಧಾರ್‌ಗೆ ಒಂದೇ ಸಂಪರ್ಕ ಎಂಬುದು ನಿಯಮ. ನಾವು ಗೌರಿಬಿದನೂರಿನ ಬಾಡಿಗೆ ಮನೆ ಬಿಟ್ಟು ಬಂದಾಗ ಇದರ ಬಿಸಿ ತಟ್ಟಿತು. ನನ್ನ ಆಧಾರ್ ಹಳೆಯ ಮನೆಯ ಮೀಟರಿಗೆ ಅಂಟಿಕೊಂಡಿದ್ದರಿಂದ ಹೊಸ ಮನೆಗೆ ಅರ್ಜಿ ಹಾಕಿದಾಗಲೆಲ್ಲ ಈಗಾಗಲೇ ನೋಂದಣಿಯಾಗಿದೆ ಎಂಬ ಉತ್ತರವೇ ಬರುತ್ತಿತ್ತು. ವಿಚಾರಿಸಲು ಹೋದ ಕಚೇರಿಯಲ್ಲಿ ಹಳೆಯ ಮನೆಯ ಮಾಲೀಕರಿಂದ ಪತ್ರ ತನ್ನಿ ಎಂದು ಕಳುಹಿಸಿದರು, ಪತ್ರ ತಂದಾಗ ಅದು ಬೇಕಿರಲಿಲ್ಲ ಎಂದರು, ಅಷ್ಟರಲ್ಲಿ ಎರಡು ತಿಂಗಳ ಪೂರ್ತಿ ಬಿಲ್ ಕಟ್ಟಿಯಾಗಿತ್ತು. 2024ರಿಂದ ಇದಕ್ಕೆ ಡಿ-ಲಿಂಕ್ ಎಂಬ ಸೌಲಭ್ಯ ಸೇವಾ ಸಿಂಧುವಿನಲ್ಲಿಯೇ ಇದೆ: ಆಧಾರ್ ಸಂಖ್ಯೆ ಕೊಟ್ಟು, ಒಟಿಪಿ ಹಾಕಿ, ಹಳೆಯ ಸಂಪರ್ಕದಿಂದ ಹೆಸರನ್ನು ಬಿಡಿಸಿಕೊಂಡು, ಬಳಿಕ ಹೊಸ ಮನೆಯ ಅಕೌಂಟ್ ಐಡಿಗೆ ಮತ್ತೆ ಅರ್ಜಿ ಹಾಕಬೇಕು. ಮನೆ ಬದಲಿಸುವವರು ಹಾಲು ಉಕ್ಕಿಸುವ ದಿನವೇ ಇದನ್ನೂ ಮುಗಿಸಿದರೆ ಲೇಸು. ಇನ್ನೊಂದು ಮಾತು: ಅರ್ಹತೆ ಮೀಟರಿನದು, ಮನುಷ್ಯರದಲ್ಲ. ನಿಮಗಿಂತ ಮುಂಚೆ ಆ ಮನೆಯಲ್ಲಿದ್ದವರು ಕಡಿಮೆ ಬಳಸಿದ್ದರೆ ನಿಮಗೂ ಕಡಿಮೆಯೇ ಸಿಗುತ್ತದೆ, ಆದ್ದರಿಂದ ಬಾಡಿಗೆ ಮಾತನಾಡುವಾಗಲೇ ಹಳೆಯ ಬಿಲ್ಲೊಂದನ್ನು ಕೇಳಿ ನೋಡುವುದು ಜಾಣತನ.

ಗ್ಯಾಸಿನ ಮೇಲಿನ ನೆರವು

ಉಜ್ವಲ ಯೋಜನೆ ಆರಂಭವಾದದ್ದು 2016ರ ಮೇ 1ರಂದು. ಬಡ ಕುಟುಂಬದ ವಯಸ್ಕ ಮಹಿಳೆಯ ಹೆಸರಿನಲ್ಲಿ, ಮನೆಯಲ್ಲಿ ಬೇರೆ ಯಾವ ಗ್ಯಾಸ್ ಸಂಪರ್ಕವೂ ಇಲ್ಲದಿದ್ದರೆ ಕೊಡುತ್ತಾರೆ. 2023ರ ಅಕ್ಟೋಬರಿನಿಂದ 14.2 ಕೆ.ಜಿ. ಸಿಲಿಂಡರಿಗೆ 300 ರೂಪಾಯಿ ಸಹಾಯಧನ ಫಲಾನುಭವಿಯ ಬ್ಯಾಂಕ್ ಖಾತೆಗೆ ಬರುತ್ತದೆ. 2025-26ನೇ ಸಾಲಿಗೆ ಇದು ವರ್ಷಕ್ಕೆ ಒಂಬತ್ತು ಸಿಲಿಂಡರಿಗೆ ಸೀಮಿತವಾಗಿದೆ, ಮೊದಲು ಹನ್ನೆರಡು ಇತ್ತು. ಸಿಲಿಂಡರ್ ತರುವಾಗ ಪೂರ್ತಿ ಬೆಲೆ ಕೊಡಬೇಕು, ಸಹಾಯಧನ ಆಮೇಲೆ. ಅದು ಬಾರದೇ ಇದ್ದರೆ ಹೆಚ್ಚಿನ ಸಂದರ್ಭಗಳಲ್ಲಿ ಕಾರಣ ಎರಡೇ: ಏಜೆನ್ಸಿಯಲ್ಲಿ ಬೆರಳಚ್ಚು ಕೊಟ್ಟು ಇ-ಕೆವೈಸಿ ಮಾಡಿಸಿರುವುದಿಲ್ಲ, ಅಥವಾ ಆಧಾರ್ ಜೋಡಣೆಯಾಗಿರುವುದು ನೀವು ನೋಡುತ್ತಿರುವ ಪಾಸ್‌ಬುಕ್ಕಿಗಲ್ಲ, ಎಂದೋ ತೆರೆದು ಮರೆತ ಮತ್ತೊಂದು ಖಾತೆಗೆ.

ಗ್ಯಾಸ್ ಒಲೆಯ ಮೇಲೆ ಒಂದು ಬಕೆಟ್ ನೀರು ಕಾಯಿಸಲು ಸುಮಾರು 60 ಗ್ರಾಂ ಗ್ಯಾಸ್ ಹೋಗುತ್ತದೆ ಎಂದು ಹಿಡಿದರೆ ದಿನಕ್ಕೆ ಮೂರು ಬಕೆಟ್ಟಿಗೆ ತಿಂಗಳಲ್ಲಿ ಐದೂವರೆ ಕೆ.ಜಿ. ಆಯಿತು. ವರ್ಷವಿಡೀ ಹೀಗೆ ಮಾಡಿದರೆ ಅಡುಗೆಯದೂ ಸೇರಿ ಒಂಬತ್ತರ ಮಿತಿ ಸಾಲದೇ ಹೋಗಬಹುದು. ಮಾಗಿಯ ಎರಡು ತಿಂಗಳು ಮಾತ್ರವಾದರೆ ಒಂದು ಸಿಲಿಂಡರ್ ಸಹ ಪೂರ್ತಿ ಬೇಕಾಗುವುದಿಲ್ಲ. ಬಚ್ಚಲಿಗೆ ಗ್ಯಾಸ್ ಗೀಸರ್ ಹಾಕಿಸುವವರು ಅದನ್ನು ಬಚ್ಚಲಿನ ಹೊರಗಿನ ಗೋಡೆಗೆ ಹಾಕಿಸಿ ಪೈಪನ್ನು ಮಾತ್ರ ಒಳಗೆ ತರಬೇಕು. ಚಳಿಗೆಂದು ಕಿಟಕಿ ಮುಚ್ಚಿದ ಬಚ್ಚಲಿನಲ್ಲಿ ಉರಿದ ಗ್ಯಾಸಿನಿಂದ ಹುಟ್ಟುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ತಲೆ ಸುತ್ತಿತು ಎನ್ನುವಷ್ಟರಲ್ಲಿ ಬಾಗಿಲು ತೆಗೆಯುವ ಶಕ್ತಿ ಉಳಿದಿರುವುದಿಲ್ಲ. ಕೋಣೆಯೊಳಗೆ ಕೆಂಡದ ಅಗ್ಗಿಷ್ಟಿಕೆ ಇಟ್ಟು ಬಾಗಿಲು ಹಾಕಿ ಮಲಗುವುದಕ್ಕೂ ಇದೇ ಮಾತು. ಗ್ಯಾಸ್ ಸೋರಿಕೆಗೆ 1906 ದಿನವಿಡೀ ಇರುವ ಸಹಾಯವಾಣಿ.

ಸೋಲಾರ್ ಎಂಬ ಒಂದೇ ಹೆಸರಿನ ಎರಡು ವಸ್ತುಗಳು

ಅಂಗಡಿಗಳಲ್ಲಿ ನೀರು ಕಾಯಿಸುವುದಕ್ಕೂ ಕರೆಂಟ್ ಮಾಡುವುದಕ್ಕೂ ಸೋಲಾರ್ ಎಂದೇ ಹೇಳುತ್ತಾರೆ, ಸಬ್ಸಿಡಿಯ ಗೊಂದಲ ಹುಟ್ಟುವುದು ಅಲ್ಲಿಂದ. ನೀರು ಕಾಯಿಸುವ ಸೋಲಾರಿಗೆ ಕೇಂದ್ರ ಸರ್ಕಾರ ಕೊಡುತ್ತಿದ್ದ ಸಹಾಯಧನ 2014ರಲ್ಲಿಯೇ ನಿಂತಿದೆ. ಅದರ ಹೆಸರಿನಲ್ಲಿ ಮುಂಗಡ ಕೇಳುವವರನ್ನು ನಂಬಬೇಡಿ. ಇದನ್ನು ಬಳಸುವ ಮನೆಗಳಿಗೆ ವಿದ್ಯುತ್ ದರಪಟ್ಟಿಯಲ್ಲಿ ಯೂನಿಟ್ಟಿಗೆ 50 ಪೈಸೆಯಂತೆ ತಿಂಗಳಿಗೆ ಗರಿಷ್ಠ 50 ರೂಪಾಯಿ ರಿಯಾಯಿತಿ ಬಹುಕಾಲ ಇತ್ತು, ಸೊನ್ನೆ ಬಿಲ್ಲಿನವರಿಗೆ ಅದರಿಂದ ಪ್ರಯೋಜನವೂ ಇಲ್ಲ. ಆದರೂ ಸ್ವಂತ ಮನೆಯವರಿಗೆ ಬಿಸಿನೀರಿನ ಮಟ್ಟಿಗೆ ಇದಕ್ಕಿಂತ ಒಳ್ಳೆಯ ಏರ್ಪಾಡಿಲ್ಲವೆಂಬುದು ನನ್ನ ಅಭಿಪ್ರಾಯ. ಕೋಲಾರ ಮತ್ತು ಚಿಕ್ಕಬಳ್ಳಾಪುರದ ಬೋರ್‌ವೆಲ್ ನೀರು ಗಡಸು. ಒಂದು ವರ್ಷದಲ್ಲಿ ಗೀಸರಿನ ಕಾಯಿಲ್ ಮೇಲೆ ಬಿಳಿ ಹಕ್ಕಳೆ ಕಟ್ಟುವ ಹಾಗೆಯೇ ತಾಮ್ರದ ಕೊಳವೆಯ ಸೋಲಾರಿನಲ್ಲೂ ಕಟ್ಟುತ್ತದೆ. ಹೀಗಾಗಿ ನಮ್ಮ ಕಡೆಗೆ ಗಾಜಿನ ಕೊಳವೆಯದೇ ಹೊಂದುತ್ತದೆ.

ಕರೆಂಟ್ ಮಾಡುವ ಸೋಲಾರಿಗೆ 2024ರಲ್ಲಿ ಬಂದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಕಿಲೋವ್ಯಾಟಿಗೆ 30,000 ರೂಪಾಯಿಯಂತೆ ಎರಡು ಕಿಲೋವ್ಯಾಟಿನವರೆಗೆ, ಮೂರನೆಯದಕ್ಕೆ 18,000, ಒಟ್ಟು ಗರಿಷ್ಠ 78,000 ರೂಪಾಯಿ ಸಹಾಯಧನವಿದೆ. ಒಂದು ಕಿಲೋವ್ಯಾಟಿಗೆ ನೂರು ಚದರ ಅಡಿಯಷ್ಟು ನೆರಳಿಲ್ಲದ ತಾರಸಿ ಬೇಕು, ದಿನಕ್ಕೆ ನಾಲ್ಕು ಯೂನಿಟ್ ಸಿಗುತ್ತದೆ. ಪಾವಗಡದ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕನ್ನು ಇಟ್ಟುಕೊಂಡ ತುಮಕೂರು ಜಿಲ್ಲೆಗೆ ಬಿಸಿಲಿನ ಬಗ್ಗೆ ಹೇಳಬೇಕಾಗಿಲ್ಲ. ಆದರೆ ಅರವತ್ತು ಎಪ್ಪತ್ತು ಯೂನಿಟ್ ಬಳಸಿ ಸೊನ್ನೆ ಬಿಲ್ ಪಡೆಯುವ ಮನೆ ಸಾಲ ಮಾಡಿ ಇದನ್ನು ಹಾಕಿಸುವುದರಲ್ಲಿ ಅರ್ಥವಿಲ್ಲ. ಪ್ರತಿ ತಿಂಗಳೂ 200 ದಾಟುವವರಿಗೆ ಮಾತ್ರ ಇದು ತಕ್ಕದ್ದು.

ಹಂಡೆ ಒಲೆ

ತಿಪಟೂರಿನ ಕಡೆ ತೆಂಗಿನ ಮಟ್ಟೆ, ಕರಟ, ನಮ್ಮ ಕಡೆ ಸೊಪ್ಪು ಕಿತ್ತ ಮೇಲೆ ಉಳಿದ ಹಿಪ್ಪುನೇರಳೆ ಕಡ್ಡಿ ಮನೆಯ ಹಿಂದೆಯೇ ಇರುವಾಗ ಐದನೆಯ ಬಕೆಟ್ಟಿಗೆ ಸರ್ಕಾರದ ಮುಖ ನೋಡಬೇಕಾಗಿಲ್ಲ. ಹೊಗೆ ಮಾತ್ರ ಮನೆಯೊಳಗೆ ತಿರುಗಬಾರದು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ಅಸ್ತ್ರ ಕೇಂದ್ರದವರು ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ವಿಸ್ತರಣಾ ಕೇಂದ್ರ ಇಟ್ಟು ಕೆಲಸ ಮಾಡಿದರು. ಕಡಿಮೆ ಸೌದೆ ಬೇಡುವ, ಹೊಗೆಯನ್ನು ಕೊಳವೆಯಲ್ಲಿ ಹೊರಗೆ ಹಾಕುವ ಅಸ್ತ್ರ ಒಲೆ ಅವರದೇ. ಕಟ್ಟಬಲ್ಲ ಗಾರೆಯವರು ಸಿಕ್ಕರೆ ಆ ಬಗೆಯ ಒಲೆಗೇ ಹಂಡೆ ಕೂರಿಸಿ.

ಬಿಲ್ ತಪ್ಪಾಗಿದೆ ಎಂದು ಕಂಡರೆ

ಮೇಲಿನ ಲೆಕ್ಕವನ್ನೆಲ್ಲ ಮಾಡಿದ ಮೇಲೂ ಅಂಕಿ ಹೊಂದದಿದ್ದರೆ ಮೊದಲು ಗೀಸರ್ ಸ್ವಿಚ್ ಆರಿಸಿ, ಮನೆಯ ಮೇನ್ ಇಳಿಸಿ ಮೀಟರಿನ ಕೆಂಪು ದೀಪ ಮಿಟುಕುತ್ತಿದೆಯೇ ನೋಡಿ. ಮೇನ್ ಇಳಿಸಿದ ಮೇಲೂ ಮಿಟುಕುತ್ತಿದ್ದರೆ ಸೋರಿಕೆ ಇರಬಹುದು, ಬೇರೆ ಯಾರಾದರೂ ಎಳೆದುಕೊಂಡಿರಬಹುದು. 1912ಕ್ಕೆ ಕರೆ ಮಾಡಿ ದೂರು ದಾಖಲಿಸಿ, ಅವರು ಕೊಡುವ ದೂರು ಸಂಖ್ಯೆಯನ್ನು ಬಿಲ್ಲಿನ ಬೆನ್ನ ಮೇಲೆಯೇ ಬರೆದಿಟ್ಟುಕೊಳ್ಳಿ. ಬಾಯಿಮಾತಿಗೆ ಉತ್ತರ ಸಿಗದಿದ್ದರೆ ಉಪವಿಭಾಗದ ಕಚೇರಿಗೆ ಲಿಖಿತ ಅರ್ಜಿ ಕೊಟ್ಟು, ಇನ್ನೊಂದು ಪ್ರತಿಯ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಬೇಕು. ಅಲ್ಲಿಯೂ ಆಗದಿದ್ದರೆ ಗ್ರಾಹಕರ ಕುಂದುಕೊರತೆ ಪರಿಹಾರ ವೇದಿಕೆ ಇದೆ. ಅಜ್ಜಿಯ ವಿಷಯದಲ್ಲಿ ಇದಾವುದೂ ಬೇಕಾಗಲಿಲ್ಲ. ಗೀಸರಿನ ಸ್ವಿಚ್ಚಿನ ಪಕ್ಕ ಗೋಡೆಗೆ ಸೀಮೆಸುಣ್ಣದಲ್ಲಿ ಹದಿನೈದು ನಿಮಿಷ ಎಂದು ಬರೆದು ಬಂದೆ. ಮರು ತಿಂಗಳು 74 ಬಂತು, ಹನ್ನೆರಡು ಯೂನಿಟ್ಟಿಗೆ ಮಾತ್ರ ದುಡ್ಡು ಕಟ್ಟಿದರು.